ಇಬ್ಬರೂ ಬೇಡಿದ್ದು ಒಂದೇ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಮದುವೆಯಾಗಿ ಬಂದಾಗ ನಾನಿನ್ನೂ ಚರ್ಚಿನ ಸಭೆಯ ಮುಂದೆ ನಿಂತು ಕ್ರಿಸ್ತನಲ್ಲಿ ನನ್ನ ವಿಶ್ವಾಸ ಒಪ್ಪಿಕೊಂಡಿರಲಿಲ್ಲ. ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತರ ಮನೆ. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು, ಒಗೆದ ಬಟ್ಟೆ ತೊಟ್ಟು ಅಪ್ಪನ ಹಿಂದೆ ಚರ್ಚಿಗೆ ನಡೆಯುವುದು. ದೇವರೆಂದರೆ ನನಗೆ ಅಷ್ಟೇ ಆಗಿತ್ತು.

ಗಂಡ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಯ ಡ್ರೈವರ್. ಹಂಗಾಮಿನಲ್ಲಿ ವಾರಗಟ್ಟಲೆ ಮನೆ ಕಡೆ ಬರುತ್ತಿರಲಿಲ್ಲ. ಹಂಗಾಮು ಮುಗಿದರೆ ಬೇರೆ ಬಾಡಿಗೆ ಹಿಡಿದು ಸೋಲಾಪುರ, ಹೈದರಾಬಾದು ಅಂತ ತಿರುಗುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಅತ್ತೆ. ಅತ್ತೆಗೆ ಎರಡೂ ಕಣ್ಣು ಹೋಗಿದ್ದವು. ಊರಿಗೆ ಹೊಸ ಹೆಸರು ಬಂದು ವರ್ಷಗಳಾಗಿದ್ದರೂ ಆಕೆಗೆ ಅದು ಇನ್ನೂ ಕಲ್ಯಾಣಿಯೇ.

ನನಗಿಂತ ಮೊದಲು ಆ ಮನೆಗೆ ದೊಡ್ಡ ಸೊಸೆಯೊಬ್ಬಳು ಬಂದಿದ್ದಳಂತೆ. ತವರಿಗೆ ಹೋಗಿ ಬರುತ್ತೇನೆ ಎಂದು ಹೊರಟವಳು ಗಂಡನನ್ನೂ ಅಲ್ಲಿಗೇ ಕರೆಸಿಕೊಂಡು ಉಳಿದುಬಿಟ್ಟಳು. ಆಕೆ ಹೋದ ದಿನ ಅತ್ತೆ ಸಂಜೆಯವರೆಗೆ ಹೆಸರು ಹಿಡಿದು ಕೂಗುತ್ತಲೇ ಇದ್ದಳೆಂದು ನೆರೆಮನೆಯ ತಗಡಿನ ಕೆಲಸದ ಸಾಹೇಬರ ಹೆಂಡತಿ ಹೇಳಿದರು. ಅದಕ್ಕೇ ನಾನು ಬಂದ ಮೇಲೆ ಹೊರಬಾಗಿಲಿಗೆ ಒಳಗಿನಿಂದ ಬೀಗ ಬಿತ್ತು. ಕೀಲಿ ಅತ್ತೆಯ ಸೊಂಟದಲ್ಲಿ. ಬಾವಿ ಅಂಗಳದಲ್ಲೇ ಇತ್ತು, ತರಕಾರಿಯನ್ನು ಆ ನೆರೆಯವರೇ ಕಿಟಕಿಯಲ್ಲಿ ಕೊಡುತ್ತಿದ್ದರು. ನಾನು ಹೊರಗೆ ಕಾಲಿಡುವ ಕಾರಣವೇ ಇರಲಿಲ್ಲ. ಅತ್ತೆ ನನ್ನ ಕಾಲಿಗೆ ಗೆಜ್ಜೆ ಹಾಕಿಸಿದಳು. ಸಪ್ಪಳ ಸ್ವಲ್ಪ ನಿಂತರೂ ಎಲ್ಲಿದ್ದೀ ಎಂದು ಕೂಗುತ್ತಿದ್ದಳು. ಗಂಡನ ಮುಂದೆ ಕಣ್ಣೀರು ಹಾಕಿದೆ. ಮುದುಕಿ, ನಾಲ್ಕು ದಿನ ತಡಕೋ ಎಂದು ಅವನು ಲಾರಿ ಹತ್ತಿದ.

ಅಮ್ಮ ಕಲಿಸಿದ ಪ್ರಾರ್ಥನೆಗಳೆಲ್ಲ ಮರೆತಂತಾದವು. ಜೋಳ ಬೀಸುವಾಗ, ಪಾತ್ರೆ ತಿಕ್ಕುವಾಗ ಒಂದೇ ಮಾತು ಬರುತ್ತಿತ್ತು: ಇಲ್ಲಿಂದ ನನ್ನ ಕರಕೊಂಡು ಹೋಗು. ಉತ್ತರ ಬರಲಿಲ್ಲ. ಒಮ್ಮೊಮ್ಮೆ ದೇವರೂ ಆ ಬಾಗಿಲ ಆಚೆಗೇ ನಿಂತಿದ್ದಾನೆ ಅನ್ನಿಸುತ್ತಿತ್ತು.

ಮದುವೆಯಾದ ಮೂರನೆಯ ಮಳೆಗಾಲ ಇರಬೇಕು. ಜಡಿಮಳೆ ಹಿಡಿದು ಮಣ್ಣಿನ ಮಾಳಿಗೆ ನೆಂದುಹೋಗಿತ್ತು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯ ಗೋಡೆ ಬಾಗಿಲ ಮೇಲೆಯೇ ಕುಸಿಯಿತು. ಅಂಗಳದ ದಾರಿಯೂ ಮುಚ್ಚಿತು. ಅತ್ತೆಯನ್ನು ಎಳೆದುಕೊಂಡು ಅಡುಗೆಮನೆಯ ಮೂಲೆಗೆ ಸರಿದೆ. ಧೂಳಿನಲ್ಲಿ ನನಗೂ ಏನೂ ಕಾಣಿಸುತ್ತಿರಲಿಲ್ಲ. ತಲೆಯ ಮೇಲೆ ತೊಲೆ ಕರಕರ ಅನ್ನುತ್ತಿತ್ತು. ಅತ್ತೆ ನನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನು ಗಟ್ಟಿಯಾಗಿಯೇ ಪ್ರಾರ್ಥನೆ ಮಾಡತೊಡಗಿದ್ದೆ, ನನಗೇ ಗೊತ್ತಿಲ್ಲದೆ.

"ಯಾರ ಕೂಡ ಮಾತಾಡಾಕತ್ತಿ?" ಅಂದಳು.

"ದೇವರ ಕೂಡ್ರಿ."

"ಏನ್ ಬೇಡಾಕತ್ತಿ?"

ಸಾಯುವ ಹೊತ್ತಿನಲ್ಲಿ ಸುಳ್ಳು ಯಾಕೆ ಅನ್ನಿಸಿತು. "ಈ ಮನಿಯಿಂದ ನನ್ನ ಕರಕೊಂಡು ಹೋಗು ಅಂತ. ಬಂದಾಗಿಂದ ಅದನ್ನೇ ಬೇಡಾಕತ್ತೇನ್ರಿ."

ಬೈಯುತ್ತಾಳೆ ಅಂದುಕೊಂಡೆ. ಅತ್ತೆ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆಮೇಲೆ ಮೆಲ್ಲಗೆ ಅಂದಳು: "ಕಣ್ಣು ಹೋದಾಗಿಂದ ನಾ ಭೀ ಅದೇ ಬೇಡತೇನಿ. ಈ ಕತ್ತಲಿಂದ ಕರಕೊಂಡು ಹೋಗು ಅಂತ. ನನ್ನದೂ ಕೇಳವಲ್ಲ ಅಂವ."

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರೂ ಒಂದೇ ಮಾತು ಬೇಡುತ್ತ ಕೂತಿದ್ದೆವು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ದೇವರು ಬಾಗಿಲ ಆಚೆ ನಿಂತಿಲ್ಲ, ಈ ಧೂಳಿನಲ್ಲೇ ನಮ್ಮಿಬ್ಬರ ನಡುವೆ ಇದ್ದಾನೆ ಅಂತ ನನಗೆ ಆಗ ಅನ್ನಿಸಿತು. ಭಯ ಹೋಗಲಿಲ್ಲ. ಆದರೆ ಒಂಟಿ ಅನ್ನಿಸುವುದು ನಿಂತಿತು.

ಸಾಹೇಬರು, ಓಣಿಯ ಗಂಡಸರು ಸೇರಿ ಹಿಂದಿನ ಕಿಟಕಿಯ ಚೌಕಟ್ಟು ಕಿತ್ತು ನಮ್ಮನ್ನು ಹೊರಗೆ ತೆಗೆದರು. ಸಾಹೇಬರ ಹೆಂಡತಿ ನನ್ನನ್ನು ಬದಿಗೆ ಕರೆದು, ಹುಮನಾಬಾದಿನ ಬಸ್ಸು ಇನ್ನೂ ಇದೆ, ತವರಿಗೆ ಹೋಗಿಬಿಡು, ಮುದುಕಿಯನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ಬೇಡಿದ್ದು ಸಿಕ್ಕೇಬಿಟ್ಟಿತ್ತು. ಹೊರಡಲೂ ಮನಸ್ಸಾಯಿತು. ಕಟ್ಟೆಯ ಮೇಲೆ ಮೈತುಂಬ ಮಣ್ಣು ಮೆತ್ತಿಕೊಂಡು ಕೂತಿದ್ದ ಅತ್ತೆ ನನ್ನನ್ನು ಕೂಗಲಿಲ್ಲ. ಕೂಗಿದ್ದರೆ ಬಹುಶಃ ಹೋಗಿಬಿಡುತ್ತಿದ್ದೆ. ಒಂದು ಕೊಡ ನೀರು ಇಸಕೊಂಡು ಆಕೆಯ ಮುಖ ತೊಳೆದೆ.

ಗೋಡೆ ಮತ್ತೆ ಎದ್ದಿತು. ಬಾಗಿಲಿಗೆ ಬೀಗವೂ ಬಿತ್ತು. ಆಕೆಯ ಭಯ ಒಂದು ಮಳೆಗೆ ತೊಳೆದುಹೋಗುವಂಥದ್ದಲ್ಲ. ಬೈಗುಳವೂ ನಿಲ್ಲಲಿಲ್ಲ. ನಾನೂ ಎಷ್ಟೋ ದಿನ ಗೋಡೆಗೆ ಹಣೆ ಹಚ್ಚಿ ಅತ್ತಿದ್ದೇನೆ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ತಾನಾಗಿಯೇ "ಬಾ, ಬೇಡೂಣು" ಅನ್ನುತ್ತಿದ್ದಳು. ನಾನು ಆಕೆಯ ಕಣ್ಣಿಗಾಗಿ ಬೇಡುತ್ತಿದ್ದೆ. ಆಕೆ ನನಗಾಗಿ ಏನು ಬೇಡುತ್ತಿದ್ದಳೋ, ತುಟಿ ಮಾತ್ರ ಅಲ್ಲಾಡುತ್ತಿದ್ದವು.

ಎಂಟು ವರ್ಷ ಹೀಗೇ ಹೋದವು. ಅತ್ತೆ ತೀರಿಕೊಂಡ ಮೇಲೆ ಗಂಡ ಹುಮನಾಬಾದಿನಲ್ಲೇ ಮನೆ ಹಿಡಿದ. ನಾನು ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿದೆ. ಅದೇ ವರ್ಷ, ನನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು, ಸಭೆಯ ಮುಂದೆ ವಿಶ್ವಾಸ ಒಪ್ಪಿಕೊಂಡೆ. ಇಷ್ಟು ತಡ ಯಾಕಮ್ಮ ಎಂದು ಪಾಸ್ಟರರು ಕೇಳಿದರು. ಆ ಮನೆಯ ಕಥೆ ಎಲ್ಲಿಂದ ಹೇಳಲಿ, ನಕ್ಕುಬಿಟ್ಟೆ. ಗಂಡ ಹಿಂದಿನ ಬೆಂಚಿನಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ. ಅವನನ್ನು ಎಬ್ಬಿಸಿಕೊಂಡು ಅಮ್ಮನ ಮನೆಗೆ ಊಟಕ್ಕೆ ನಡೆದೆ.