ಆ ದಿನ ನಾನು ಕರೆದಿರಲಿಲ್ಲ

ಕಳೆದ ವರ್ಷದ ಯುಗಾದಿಗೆ ನೈರೋಬಿಯ ಕನ್ನಡಿಗರಾದ ನಾವೆಲ್ಲ ಸೇರಿ ಒಂದು ಹಳೆಯ ಥಿಯೇಟರನ್ನು ಬಾಡಿಗೆಗೆ ಹಿಡಿದಿದ್ದೆವು. ಪ್ರತಿವರ್ಷ ಯಾವುದಾದರೂ ಶಾಲೆಯ ಹಾಲಿನಲ್ಲಿ, ಬಿಸಿಬೇಳೆಬಾತಿನ ಘಮದ ನಡುವೆ ಮುಗಿದು ಹೋಗುತ್ತಿದ್ದ ಕಾರ್ಯಕ್ರಮಕ್ಕೆ ಆ ಸಲ ನಿಜವಾದ ರಂಗಮಂದಿರ ಸಿಕ್ಕಿತ್ತು. ಒಂಬತ್ತು ವರ್ಷದ ನನ್ನ ಮಗಳು ಅದಿತಿ ಮೊದಲ ಬಾರಿಗೆ ಒಬ್ಬಳೇ ಭರತನಾಟ್ಯ ಮಾಡುವವಳಿದ್ದಳು. ಅವಳಿಗಿಂತ ನನ್ನ ಸಡಗರವೇ ಹೆಚ್ಚಾಗಿತ್ತು.

ರಿಹರ್ಸಲ್ಲಿಗೆಂದು ಒಂದು ಮಧ್ಯಾಹ್ನ ಮೂವರೇ ಹೋದೆವು: ನಾನು, ಅದಿತಿ ಮತ್ತು ಅವಳ ಡಾನ್ಸ್ ಟೀಚರ್ ವಸಂತಿ. ಟೀಚರ್ ಉಡುಪಿ ಕಡೆಯವರು, ಎಷ್ಟೋ ವರ್ಷದಿಂದ ಇಲ್ಲೇ ನೆಲೆಸಿದ್ದಾರೆ. ಮಹಾ ಶಿಸ್ತು. ಕುಣಿಯಲು ಶುರು ಮಾಡುವಾಗಲೆಲ್ಲ ಭೂಮಿ ನಮಸ್ಕಾರ ಆಗಲೇಬೇಕು. ಎಡಗಾಲು, ಬಲಗಾಲು ತಟ್ಟಿ, ಬಗ್ಗಿ, ಎರಡೂ ಕೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ತುಳಿಯುವುದಕ್ಕೆ ಕ್ಷಮೆ ಕೇಳಬೇಕು. ನಡುವೆ ತಪ್ಪಿ ಮತ್ತೆ ಶುರು ಮಾಡಿದರೂ ಮತ್ತೆ ನಮಸ್ಕಾರ. "ಅಗೇನ್?" ಎಂದು ಅದಿತಿ ಮೂತಿ ಉದ್ದ ಮಾಡಿದರೆ, "ಅಗೇನೇ. ಬಗ್ಗು ಮಗಾ" ಎನ್ನುತ್ತಿದ್ದರು. ಇದು ಸ್ವಲ್ಪ ಅತಿಯಾಯಿತು ಎಂದು ನಾನೂ ಒಳಗೊಳಗೇ ಗೊಣಗುತ್ತಿದ್ದೆ.

ಆ ಹಾಲಿನೊಳಗೆ ಕಾಲಿಟ್ಟಾಗಲೇ ನನಗೆ ಯಾಕೋ ಸರಿಬರಲಿಲ್ಲ. ಹೊರಗೆ ಬಿಸಿಲು, ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರನ್ನು, ಅವುಗಳೊಳಗಿನ ಹಾಡಿನ ಅಬ್ಬರ. ಬಾಗಿಲು ಮುಚ್ಚಿದರೆ ಎಲ್ಲವೂ ಒಮ್ಮೆಲೇ ನಿಂತುಹೋಗುತ್ತಿತ್ತು. ಒಂದು ಕಿಟಕಿಯೂ ಇರಲಿಲ್ಲ. ಎದ್ದರೆ ತಾವಾಗಿಯೇ ಮಡಚಿಕೊಳ್ಳುವ ಸೀಟುಗಳು. ಮುಂದಿನ ಸಾಲಿನಲ್ಲಿ ಒಂದು ಮಾತ್ರ ಮಡಚಿಕೊಳ್ಳದೆ, ಯಾರೋ ಕೂತಿದ್ದಾರೆ ಎನ್ನುವ ಹಾಗೆ ಕೆಳಗೇ ಇತ್ತು. ಹಾಳಾಗಿರಬೇಕು ಅಂದುಕೊಂಡೆ.

ನನ್ನ ನಿಜವಾದ ಭಯ ಬೇರೆಯದಿತ್ತು. ವೇದಿಕೆಯ ಮುಂದೆ ವಾದ್ಯದವರು ಕೂರುವ ಆಳವಾದ ಗುಂಡಿ. ಅದರ ಮೇಲಿನ ಹಲಗೆಗಳನ್ನು ತೆಗೆದಿದ್ದರು. ತಳದಲ್ಲಿ ಕಬ್ಬಿಣದ ಕುರ್ಚಿಗಳು ರಾಶಿ ಬಿದ್ದಿದ್ದವು. ಹಾಗಾಗಿ ಕೊನೆಯ ಸಾಲಿನಲ್ಲಿ ಕೂತು ಮಧ್ಯಾಹ್ನವಿಡೀ ನಾನು ಅರಚಿದ್ದು ಒಂದೇ ಮಾತು: "ಚಿನ್ನೂ, ಹಿಂದೆ ಹೋಗು! ಇನ್ನೂ ಹಿಂದೆ!" ನನ್ನ ಗಂಟಲಿಗೆ ಮೈಕ್ ಬೇಡ ಎಂದು ಗಂಡ ರೇಗಿಸುವುದು ಸುಮ್ಮನೆ ಅಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ, ಅಂಥ ಕತ್ತಲು.

"ಚಿನ್ನೂ, ಅಲ್ಲೇ ನಿಂತಿರು! ಅಲ್ಲಾಡ್ಬೇಡ!" ಎಂದು ಕೂಗಿದೆ.

"ಓಕೆ ಅಮ್ಮಾ."

"ನಾನಿಲ್ಲೇ ಇದ್ದೀನಿ ಮೇಡಂ, ನೀವು ಹೋಗಿ ಜನರೇಟರ್ ಹಾಕ್ಸಿ" ಎಂದರು ಟೀಚರ್. ಅವರ ಫೋನು ಒಳಕೋಣೆಯ ಬ್ಯಾಗಿನಲ್ಲಿತ್ತು. ನಾನು ಬಾಗಿಲ ಪಕ್ಕದಲ್ಲೇ ಇದ್ದುದರಿಂದ ನನ್ನ ಫೋನಿನ ಬೆಳಕು ಹಿಡಿದು ಹೊರಗೆ ಓಡಿದೆ. ಗೇಟಿನ ಬಳಿಯ ಅಸ್ಕಾರಿ, ಅಂದರೆ ಕಾವಲಿನವನು, "ಸ್ಟಿಮಾ ಇಮೆಪೊಟೆಯಾ" ಎಂದು ಕರೆಂಟು ಹೋದ ಸುದ್ದಿಯನ್ನು ನನಗೇ ಹೇಳಿದ. ಅವನನ್ನು ಜನರೇಟರಿನ ಕಡೆಗೆ ಅಟ್ಟಿ ತಿರುಗಿ ಬಂದೆ.

ಬಾಗಿಲು ತಳ್ಳಿದಾಗ ಗೆಜ್ಜೆಯ ಸದ್ದು ಕೇಳಿಸಿತು. ಅದಿತಿ ನಡೆಯುತ್ತಿದ್ದಳು. ಸದ್ದು ನಿಂತಿತು. ಎಡಗಾಲು, ಬಲಗಾಲು ತಟ್ಟಿದ್ದು ಕೇಳಿಸಿತು. ಆಮೇಲೆ ಅವಳ ಸಣ್ಣ ದನಿ:

"ಅಮ್ಮಾ, ದೇರ್ ಈಸ್ ನೋ ಫ್ಲೋರ್ ಹಿಯರ್."

ಇಲ್ಲಿ ನೆಲವೇ ಇಲ್ಲ! ಬೆಳಕನ್ನು ಅತ್ತ ತಿರುಗಿಸಿದೆ. ವೇದಿಕೆಯ ತುತ್ತತುದಿಯಲ್ಲಿ ನನ್ನ ಮಗಳು ಬಗ್ಗಿ ಕೂತಿದ್ದಳು. ನೆಲ ಮುಟ್ಟಲು ಚಾಚಿದ ಎರಡೂ ಕೈಗಳು ಗುಂಡಿಯ ಮೇಲೆ ಗಾಳಿಯಲ್ಲಿದ್ದವು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವಳು ಆ ಕಬ್ಬಿಣದ ಮೇಲೆ ಬೀಳುತ್ತಿದ್ದಳು. ಟೀಚರ್ ಹಿಂದಿನಿಂದ ಬಂದು ಅವಳನ್ನು ಬಾಚಿ ತಬ್ಬಿಕೊಂಡರು. ನಾನು ಸೀಟುಗಳಿಗೆ ಮೊಣಕಾಲು ಬಡಿಸಿಕೊಂಡು ವೇದಿಕೆ ತಲುಪುವಷ್ಟರಲ್ಲಿ ದೀಪ ಬಂತು.

"ಅಲ್ಲಾಡ್ಬೇಡ ಅಂದಿರ್ಲಿಲ್ವಾ? ಯಾಕೆ ಮುಂದೆ ಬಂದೆ?"

"ಬಟ್ ಯೂ ಕಾಲ್ಡ್ ಮಿ! ಚಿನ್ನೂ, ಮುಂದೆ ಬಾ, ಮೊದಲಿಂದ ಮಾಡು ಅಂದೆ. ಸೋ ನಮಸ್ಕಾರ ಮಾಡ್ದೆ."

ನಾನು ಟೀಚರ್ ಮುಖ ನೋಡಿದೆ. "ಹೌದಲ್ಲ ಮೇಡಂ, ನೀವೇ ಕರೆದ್ರಲ್ಲ. ಮುಂದಿನ ಸಾಲಿಂದ. ವಾಪಸ್ ಬಂದಿದ್ದೀರಿ, ನಿಮಗೆ ಕಾಣಿಸ್ತಿದೆ ಅಂತ ನಾನೂ ಸುಮ್ನಿದ್ದೆ" ಎಂದವರು ಅಲ್ಲಿಗೇ ನಿಲ್ಲಿಸಿದರು. ನಾನು ಬೆಳಕು ಹಿಡಿದು ಬಂದದ್ದು ಹಿಂದಿನ ಬಾಗಿಲಿನಿಂದ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಅದಿತಿಯನ್ನು ತುದಿಯಿಂದ ಇನ್ನಷ್ಟು ಹಿಂದಕ್ಕೆ ಎಳೆದುಕೊಂಡರು. ಆ ಕಟ್ಟಡದಲ್ಲಿ ನಮ್ಮ ಮೂವರನ್ನು ಬಿಟ್ಟರೆ ಕನ್ನಡ ಬಲ್ಲವರು ಇನ್ನೊಬ್ಬರಿರಲಿಲ್ಲ.

ಮಗಳು ನನ್ನನ್ನೇ ನೋಡುತ್ತಿದ್ದಳು. ನಾನಲ್ಲ ಎಂದರೆ ಅವಳು ಈ ಜನ್ಮದಲ್ಲಿ ಇನ್ನೊಂದು ವೇದಿಕೆ ಹತ್ತುವುದಿಲ್ಲ ಅನಿಸಿತು. "ಹೂಂ ಚಿನ್ನು, ನಾನೇ ಕರೆದೆ. ಗೊತ್ತಾಗ್ಲಿಲ್ಲ, ಸಾರಿ" ಎಂದೆ. ಟೀಚರ್ ಬಗ್ಗಿ ಅವಳ ಗೆಜ್ಜೆ ಬಿಚ್ಚತೊಡಗಿದರು.

ಅಪ್ಪರ್ ಹಿಲ್‌ನ ಆಫೀಸಿನಿಂದ ಬಂದ ಗಂಡ ಎಲ್ಲ ಕೇಳಿ, "ಕತ್ತಲಲ್ಲಿ ಕಿವಿ ಏನೇನೋ ಕೇಳಿಸಿಕೊಳ್ಳುತ್ತೆ ಕಣೇ" ಎಂದರು. ಇಬ್ಬರಿಗೂ ಒಂದೇ ಮಾತು ಕೇಳಿಸಿತೇ ಎಂದದ್ದಕ್ಕೆ ಟಿವಿ ಹಾಕಿದರು.

ಯುಗಾದಿ ಕಾರ್ಯಕ್ರಮ ಅಲ್ಲೇ ನಡೆಯಿತು. ಗುಂಡಿಯ ಮೇಲೆ ಹಲಗೆ ಹಾಸಿದ್ದರು. ಅದಿತಿ ಒಂದಿಷ್ಟೂ ಅಳುಕದೆ ಕುಣಿದಳು. ನಾನು ಮಾತ್ರ ಮೊದಲಿನಿಂದ ಕೊನೆಯವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ನನ್ನ ಸುಳ್ಳು ಅವಳನ್ನು ಕಾಪಾಡಿತು ಎಂದೇ ನಂಬಿದ್ದೆ. ಮೊನ್ನೆ ಸ್ಕೂಲಿಗೆ ಹೊರಡುವಾಗ ಜಡೆ ಹೆಣೆಯುತ್ತಿದ್ದೆ. ಅವಳೇ ಮಾತೆತ್ತಿದಳು.

"ಅಮ್ಮಾ, ಅವತ್ತು ನಿಂಗೆ ನಿಜವಾಗ್ಲೂ ಆ ಪಿಟ್ ಕಾಣಿಸ್ಲಿಲ್ವಾ?"

"ಇಲ್ಲ ಪುಟ್ಟ. ಕತ್ತಲಿತ್ತಲ್ಲ."

"ದೆನ್ ವೈ ವರ್ ಯೂ ಲಾಫಿಂಗ್?" ಎಂದಳು.

ಕರೆಯುವಾಗ ನಾನು ನಗುತ್ತಿದ್ದೆನಂತೆ. ನನ್ನ ಕೈ ಜಡೆಯಲ್ಲೇ ನಿಂತಿತು. ಈಗ ಮನೆಯಲ್ಲಿ "ಚಿನ್ನೂ, ಬಾ" ಎಂದು ಕರೆದರೆ ಅವಳು ಮೊದಲಿನಂತೆ ಓಡಿ ಬರುವುದಿಲ್ಲ. ಬಾಗಿಲಲ್ಲಿ ನಿಂತು ನನ್ನ ಮುಖವನ್ನು ಒಮ್ಮೆ ನೋಡುತ್ತಾಳೆ. ಆಮೇಲೆ ಬರುತ್ತಾಳೆ.