ಹಡಗಿನ ಅಡುಗೆಮನೆಯಲ್ಲಿ ಸುಟ್ಟ ಕೈ

ನಮ್ಮ ಚೆಫ್ ಹೆಂಗಸರ ಮೇಲೆ ಕೈ ಮಾಡುತ್ತಿರಲಿಲ್ಲ. ಅದನ್ನು ಅವನೇ ತನ್ನ ದೊಡ್ಡ ಗುಣವೆಂಬಂತೆ ಹೇಳಿಕೊಳ್ಳುತ್ತಿದ್ದ. ಲಂಡನ್ನಿನ ಟೂಟಿಂಗ್‌ನ ಆ ಹೋಟೆಲಿನ ಅಡುಗೆಮನೆಯಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ, ದೋಸೆ ಹಾಕುವವಳು. ಉಳಿದ ಆರು ಜನ ಗಂಡಸರು ದಿನಕ್ಕೊಮ್ಮೆಯಾದರೂ ಏಟು ತಿನ್ನುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಸೌಟಿನ ಹಿಡಿಯಿಂದ ಬೆರಳ ಗಿಣ್ಣಿನ ಮೇಲೆ. ತಟ್ಟೆ ತಡವಾದರೆ ಕತ್ತಿನ ಹಿಂಭಾಗಕ್ಕೆ. ಒಮ್ಮೆ ಒಬ್ಬನ ತಲೆಯನ್ನು ಫ್ರಿಜ್ಜಿನ ಬಾಗಿಲಿಗೆ ಎಷ್ಟು ಜೋರಾಗಿ ಬಡಿದನೆಂದರೆ, ಬಾಗಿಲು ಒಳಕ್ಕೆ ತಗ್ಗಿತು. ಆ ತಗ್ಗನ್ನು ನಾವು ದಿನಾ ನೋಡುತ್ತ ಈರುಳ್ಳಿ ಹೆಚ್ಚುತ್ತಿದ್ದೆವು.

ನನ್ನ ಪಾಲಿಗೆ ಮಾತಿನ ಏಟು. ಅವನು ಬೆಂಗಳೂರಿನವನು, ನಮ್ಮ ಭಾಷೆಯವನೇ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬೈದಿದ್ದರೆ ಅಷ್ಟು ತಾಗುತ್ತಿರಲಿಲ್ಲವೇನೋ. ಅಚ್ಚ ಕನ್ನಡದಲ್ಲಿ ನನ್ನ ಹೆತ್ತವರನ್ನು ಎಳೆದು ತರುತ್ತಿದ್ದ. ಆಮೇಲೆ ತಣ್ಣಗಾಗಿ, ಏಟು ತಿಂದವನ ಕೈಗೆ ತಾನೇ ಮುಲಾಮು ಹಚ್ಚುತ್ತ, "ನನ್ನ ಗುರುಗಳು ನನಗೂ ಹೀಗೇ ಕಲಿಸಿದ್ದು ಕಣೋ" ಅನ್ನುತ್ತಿದ್ದ. ಅಂಗಿಯ ತೋಳು ಮಡಚಿ ತನ್ನ ಹಳೆಯ ಸುಟ್ಟ ಕಲೆಗಳನ್ನು ತೋರಿಸುತ್ತಿದ್ದ. ಅಡುಗೆ ಮಾತ್ರ ಬಹಳ ಚೆನ್ನಾಗಿ ಮಾಡುತ್ತಿದ್ದ. ಅದನ್ನು ಸುಳ್ಳೆನ್ನಲಾರೆ.

ಎಲ್ಲರಿಗಿಂತ ಹೆಚ್ಚು ಏಟು ಬೀಳುತ್ತಿದ್ದುದು ಕಾಕಾನಿಗೆ. ಕಲಬುರಗಿ ಕಡೆಯವರು, ಐವತ್ತು ದಾಟಿದ್ದರು. ಊರಲ್ಲಿ ಖಾನಾವಳಿಯಲ್ಲಿ ಅಡುಗೆ ಮಾಡಿಕೊಂಡಿದ್ದವರನ್ನು ಹೋಟೆಲಿನ ಮಾಲೀಕ ಇಲ್ಲಿಗೆ ಕರೆಸಿಕೊಂಡಿದ್ದ. ನಾನು ಧಾರವಾಡದವಳಾದ್ದರಿಂದ ಅವರನ್ನು ಕಾಕಾ ಅಂದೆ, ಅವರು ನನ್ನನ್ನು ಅವ್ವಾ ಅಂದರು. ಅವರ ಕೆಲಸದ ಪರವಾನಗಿ ಆ ಹೋಟೆಲಿನ ಹೆಸರಿನಲ್ಲೇ ಇತ್ತು. ಬಿಟ್ಟರೆ ದೇಶವನ್ನೇ ಬಿಡಬೇಕು. ಚೆಫ್‌ಗೆ ಅದು ಗೊತ್ತಿತ್ತು.

ನನಗೆ ಅಂಥ ಕಟ್ಟು ಇರಲಿಲ್ಲ. ನನ್ನ ಗಂಡ ಬಸ್ ಓಡಿಸುತ್ತಿದ್ದರು, ನಮ್ಮ ಕಾಗದಪತ್ರ ಸರಿಯಿತ್ತು. ಆದರೂ ನಾನು ಬಿಡಲಿಲ್ಲ. ದಿನವಿಡೀ ಬೇರೆಯವರ ಮೈಮೇಲೆ ಬೀಳುವ ಏಟು ನೋಡುತ್ತ ನಿಂತರೆ ಹೊಡೆಯಲು ನಮ್ಮ ಕೈಯೂ ಹಗುರಾಗುತ್ತದೆ ಅನ್ನುವುದು ನನಗೆ ತಿಳಿದದ್ದು ಮನೆಯಲ್ಲಿ. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಒಂದು ಸಂಜೆ ಅನ್ನ ಬೇಡವೆಂದು ತಟ್ಟೆ ತಳ್ಳಿದಳು. ಸೌಟು ನನ್ನ ಕೈಯಲ್ಲೇ ಇತ್ತು. ಅದರ ಹಿಡಿಯಿಂದ ಅವಳ ಗಿಣ್ಣಿನ ಮೇಲೆ ಹೊಡೆದೆ. ಅವಳು ಅಳಲಿಲ್ಲ. ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನೇ ನೋಡಿದಳು. ನಾನು ಹೊಡೆದ ಜಾಗ, ಹೊಡೆದ ರೀತಿ ಎರಡೂ ಚೆಫ್‌ನವೇ ಎಂದು ಆ ಕ್ಷಣವೇ ಹೊಳೆಯಿತು. ಹೊಳೆದರೂ ಕ್ಷಮೆ ಕೇಳಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಮಾಲೀಕನಿಗೆ ಹಡಗಿನ ಕೆಲಸ ಸಿಕ್ಕಿತು. ಪ್ರವಾಸಿಗರನ್ನು ಊರೂರು ಸುತ್ತಿಸುವ ಹಡಗು. ಅದರಲ್ಲಿ ಹೊಸದಾಗಿ ಒಂದು ಭಾರತೀಯ ರೆಸ್ಟೋರೆಂಟ್ ತೆರೆಯಬೇಕಂತೆ, ಅಡುಗೆಯವರನ್ನು ನಾವೇ ಒದಗಿಸಬೇಕಂತೆ. ಚೆಫ್ ಮತ್ತು ನಾಲ್ಕು ಜನ ಮೊದಲ ಮೂರು ತಿಂಗಳು ಹೋಗುವುದು, ಆಮೇಲೆ ಚೆಫ್ ಟೂಟಿಂಗ್‌ಗೆ ವಾಪಸು, ಉಳಿದವರನ್ನು ಹಡಗಿನವರೇ ಕೆಲಸಕ್ಕೆ ತೆಗೆದುಕೊಳ್ಳುವುದು ಎಂದು ಮಾತಾಯಿತು. ಕಾಕಾ ಪಟ್ಟಿಯಲ್ಲಿ ತಮ್ಮ ಹೆಸರು ಬಂದ ದಿನ ಹಿತ್ತಲ ಬಾಗಿಲಲ್ಲಿ ನಿಂತು ಬೀಡಿ ಹಚ್ಚಿದರು.

"ಮೂರು ತಿಂಗಳ ತಡ್ಕೊಂಡ್ರ ಸಾಕು ಅವ್ವಾ. ಆಮ್ಯಾಗ ಈ ಮನಷ್ಯಾನ ಮಾರಿ ನೋಡೂದು ತಪ್ತದ. ಚಳಿಗಾಲದಾಗ ಹಡಗ ಮುಂಬೈಗಿ ಹೋಗ್ತದಂತ. ಆರು ವರ್ಷ ಆತು ನಾ ನಮ್ಮಾಕಿನ್ನ ನೋಡಿ."

ಉದ್ಘಾಟನೆಯ ಊಟಕ್ಕೆ ಹಡಗು ಲಂಡನ್ನಿನಲ್ಲೇ ಇರುವ ಗ್ರೀನಿಚ್‌ಗೆ ಬಂದು ನದಿಯ ನಡುವೆ ನಿಂತಿತ್ತು. ದೋಸೆಗೋಸ್ಕರ ನನ್ನನ್ನೂ ಆ ಒಂದು ದಿನದ ಮಟ್ಟಿಗೆ ಕರೆದೊಯ್ದರು. ಬೆಳಿಗ್ಗೆ ಏಳಕ್ಕೆ ಹಿಟ್ಟಿನ ಡಬ್ಬಗಳನ್ನು ಮಡಿಲಲ್ಲಿಟ್ಟುಕೊಂಡು ಸಣ್ಣ ದೋಣಿಯಲ್ಲಿ ಕೂತು ಹೋದೆವು. ಮೇಲೆ ಕೆಂಪು ಪರದೆ, ಹಿತ್ತಾಳೆ ದೀಪ, ಮಡಿಕೆ ಮುರಿಯದ ಬಿಳಿ ಬಟ್ಟೆಯ ಮೇಜುಗಳು. ಅದರ ಹಿಂದಿನ ಅಡುಗೆಮನೆ ನಮ್ಮದಕ್ಕಿಂತ ಚೊಕ್ಕ. ಆದರೆ ಬೆಂಕಿಯೇ ಇಲ್ಲ. ಹಡಗಿನಲ್ಲಿ ಗ್ಯಾಸ್ ಉರಿಸುವಂತಿಲ್ಲವಂತೆ, ಎಲ್ಲ ಕರೆಂಟಿನದು. ಪಾತ್ರೆ ಜಾರದಂತೆ ಒಲೆಯ ಸುತ್ತ ಕಂಬಿ. ದೋಸೆಗೆ ಎರಡು ದೊಡ್ಡ ಉಕ್ಕಿನ ಹಂಚು, ಒಂದು ನನಗೆ, ಒಂದು ಕಾಕಾನಿಗೆ.

ಹಂಚು ಹೊಸದು, ಪಳಗಿರಲಿಲ್ಲ. ಚಳಿಗೆ ಹಿಟ್ಟೂ ಸರಿಯಾಗಿ ಹುದುಗು ಬಂದಿರಲಿಲ್ಲ. ಮೊದಲ ಎಂಟು ದೋಸೆ ಅಂಟಿಕೊಂಡವು. ನಾನು ಈರುಳ್ಳಿ ಹೋಳಿನಿಂದ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಹಂಚನ್ನು ದಾರಿಗೆ ತಂದೆ. ಕಾಕಾನ ಹಂಚು ಒಂದು ಕಡೆ ಕೆಂಡದಂತೆ ಕಾದರೆ ಇನ್ನೊಂದು ಕಡೆ ತಣ್ಣಗಿತ್ತು. ಒಂದು ಗಂಟೆಗೆ ಅತಿಥಿಗಳು ಬಂದು ಕೂತರು. ಚೆಫ್ ಆಗಲೇ ಒಬ್ಬನ ಕೆನ್ನೆಗೆ ಬಾರಿಸಿದ್ದ, ಚಟ್ನಿಯ ಬೋಗುಣಿಯನ್ನು ಗೋಡೆಗೆ ಎಸೆದಿದ್ದ. ಗೋಡೆಯಿಂದ ಹಸಿರು ಚಟ್ನಿ ಇಳಿಯುತ್ತಿದ್ದಾಗಲೇ ಹಡಗಿನ ಊಟದ ವ್ಯವಸ್ಥೆ ನೋಡಿಕೊಳ್ಳುವ ಇಂಗ್ಲಿಷ್ ಹೆಂಗಸು ಒಳಗೆ ತಲೆ ಹಾಕಿ, "ಮೊದಲ ಮೇಜಿನವರು ಕಾಯುತ್ತಿದ್ದಾರೆ" ಎಂದು ಹೋದಳು.

ಕಾಕಾ ಕಳಿಸಿದ ಎರಡು ಮಸಾಲೆ ದೋಸೆ ಹರಿದಿವೆಯೆಂದು ವಾಪಸು ಬಂದವು.

ಚೆಫ್ ತಟ್ಟೆಯನ್ನು ಅವರ ಎದೆಗೆ ಒತ್ತಿ ಹಿಡಿದ. "ಏನೋ ಇದು?"

"ಚೆಫ್, ಹಂಚ ಕಾದಿಲ್ರಿ. ಈ ಕಡಿ ಕಾದಿಲ್ಲ."

"ಕಾದಿಲ್ವಾ? ಕಾದಿದೆಯೋ ಇಲ್ವೋ ನೋಡೇಬಿಡೋಣ ಬಾ."

ಕಾಕಾನ ಬಲಗೈ ಮಣಿಕಟ್ಟು ಹಿಡಿದು, ಅಂಗೈಯನ್ನು ಹಂಚಿನ ಮೇಲಿಟ್ಟು, ತನ್ನ ಮೈಭಾರ ಹಾಕಿ ಒತ್ತಿದ. ಕಾದ ಕಡೆಗೇ ಇಟ್ಟಿದ್ದ. ಮೊದಲು ಚುಂಯ್ ಅನ್ನುವ ಸದ್ದು ಬಂತು, ಆಮೇಲೆ ಕಾಕಾ ಕೂಗಿದ್ದು. ಮನುಷ್ಯನ ಕೂಗು ಸದ್ದಿಗಿಂತ ತಡವಾಗಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೈ ಎಳೆದುಕೊಂಡಾಗ ಚರ್ಮದ ಒಂದು ಪದರ ಹಂಚಿನ ಮೇಲೇ ಉಳಿಯಿತು.

ನನ್ನ ಕೈಯಲ್ಲಿ ದೋಸೆ ಮಗುಚುವ ಕಬ್ಬಿಣದ ಸಟ್ಟುಗವಿತ್ತು. ಅದರ ಅಂಚಿನಿಂದ ಚೆಫ್‌ನ ಹಣೆಗೆ ಹೊಡೆದೆ. ಹುಬ್ಬಿನ ಮೇಲೆ ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಅವನು ಕಾಕಾನನ್ನು ಬಿಟ್ಟು ಮುಖ ಮುಚ್ಚಿಕೊಂಡು ಬಗ್ಗಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಮತ್ತೆ ಹೊಡೆದೆ, ಬಗ್ಗಿದ ತಲೆಯ ಹಿಂದಕ್ಕೆ. ಮೊದಲನೆಯದು ಕಾಕಾನಿಗಾಗಿ. ಎರಡನೆಯದು ನನ್ನ ಸುಖಕ್ಕೆ. ಇಷ್ಟು ವರ್ಷ ಯಾರಿಗೂ ಹೇಳದ ಮಾತು ಇದು. ಹೊಡೆದಾಗ ಮೈಯೆಲ್ಲ ಹಗುರಾಯಿತು.

ಹಡಗಿನವರು ಕರೆಸಿದ ಪೊಲೀಸರು ದೋಣಿಯಲ್ಲಿ ಬಂದರು. ಇಬ್ಬರು. ಅಡುಗೆಮನೆಯಲ್ಲಿ ರಕ್ತ, ಚಟ್ನಿ, ಸುಟ್ಟ ವಾಸನೆ. ಚೆಫ್ ಒದ್ದೆ ಬಟ್ಟೆ ಹಣೆಗೊತ್ತಿಕೊಂಡು ಕೂತಿದ್ದ. ಕಾಕಾ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದರು. ಉಳಿದ ಮೂವರು ನೆಲ ನೋಡುತ್ತಿದ್ದರು. ಪೊಲೀಸಿನವನು ಕಾಕಾನನ್ನು ಕೇಳಿದ, ಕೈಗೆ ಏನಾಯಿತು?

ಕಾಕಾ ನನ್ನ ಕಡೆ ನೋಡಲಿಲ್ಲ. ತಮಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಹೇಳಿದರು: ನಾನು ಜಾರಿದೆ, ಹಂಚಿನ ಮೇಲೆ ಕೈ ಊರಿದೆ, ಯಾರೂ ಏನೂ ಮಾಡಿಲ್ಲ.

"ಕಾಕಾ, ಏನ್ ಹೇಳಾಕತ್ತೀರಿ?" ಎಂದು ನಾನು ಕಿರುಚಿದೆ.

ಅವರು ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದರು.

ಹಾಗಾಗಿ ಆ ದಿನ ಕಾರಣವಿಲ್ಲದೆ ಇನ್ನೊಬ್ಬರ ತಲೆ ಒಡೆದವಳು ನಾನೊಬ್ಬಳೇ. ದೋಣಿಯಲ್ಲಿ ಇಬ್ಬರು ಪೊಲೀಸರ ನಡುವೆ ಕೂರಿಸಿ ದಡಕ್ಕೆ ತಂದರು. ಠಾಣೆಯಲ್ಲಿ ಬೆರಳಚ್ಚು ತೆಗೆದರು, ಕೈಗೆ ಅಂಟಿದ್ದ ಒಣಗಿದ ಹಿಟ್ಟನ್ನು ಉಗುರಿನಿಂದ ಕೆರೆದ ಮೇಲೆ. ಚೆಫ್ ಕೋರ್ಟು ಬೇಡವೆಂದನಂತೆ. ತಪ್ಪು ಒಪ್ಪಿಕೊಂಡು ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಡುತ್ತೇವೆ ಅಂದರು. ಹಾಕಿದೆ. ನನ್ನ ಗಂಡ ಬಂದು ಕರೆದುಕೊಂಡು ಹೋಗುವಾಗ ಬಸ್ಸಿನಲ್ಲಿ ಒಂದೇ ಮಾತು ಕೇಳಿದರು. "ಆ ಮುದುಕ ನಿನಗ ಏನಾಗಬೇಕು?"

ಹನ್ನೊಂದು ದಿನಕ್ಕೆ ಕಾಕಾ ನಮ್ಮ ಫ್ಲಾಟಿಗೆ ಬಂದರು. ಮಧ್ಯಾಹ್ನ. ಮಗಳಿಗೆ ಶಾಲೆಯ ರಜೆ, ಒಳಗೆ ಟಿವಿ ನೋಡುತ್ತಿದ್ದಳು. ಬಾಗಿಲು ತೆರೆದರೆ ಎದುರಿಗೆ ಕಾಕಾ, ಬಲಗೈಗೆ ದಪ್ಪ ಬ್ಯಾಂಡೇಜು, ಎಡಗೈಯಲ್ಲಿ ಬಾಳೆಹಣ್ಣಿನ ಚೀಲ.

"ಅವ್ವಾ, ನಾ ಹಂಗ ಹೇಳಬೇಕಾತು. ಖರೇ ಹೇಳಿದ್ರ ನನ್ನ ಹಡಗ ಹೋಗ್ತಿತ್ತು, ಪರವಾನಗಿ ಹೋಗ್ತಿತ್ತು. ನಿನಗ ಅವರು ಏನೂ ಮಾಡಂಗಿಲ್ಲಂತ ತಿಳ್ಕೊಂಡಿದ್ದೆ."

"ನಡೀರಿ ಇಲ್ಲಿಂದ."

"ಒಂದ ಮಾತ ಕೇಳು..."

"ನಡೀರಿ ಅಂದ್ನೆಲ್ಲ!"

ಎರಡೂ ಕೈಯಿಂದ ಅವರ ಎದೆಗೆ ತಳ್ಳಿದೆ. ಹಿಂದೆ ಮೆಟ್ಟಿಲಿತ್ತು. ನನಗೆ ಗೊತ್ತಿರಲಿಲ್ಲ ಅನ್ನಲಾರೆ, ಮೂರು ವರ್ಷದಿಂದ ಹತ್ತಿ ಇಳಿದ ಮೆಟ್ಟಿಲು ಅದು. ಕಾಕಾ ಐದಾರು ಮೆಟ್ಟಿಲು ಉರುಳಿ, ತಡೆಯಲು ಸುಟ್ಟ ಕೈಯನ್ನೇ ಊರಿದರು. ಹಡಗಿನಲ್ಲಿ ಕೇಳಿದ್ದ ಆ ಕೂಗನ್ನೇ ಮತ್ತೆ ಕೇಳಿದೆ. ಈ ಸಲ ಕೂಗಿಸಿದವಳು ನಾನು. ಬ್ಯಾಂಡೇಜಿನ ಮೇಲೆ ಕೆಂಪು ಹರಡತೊಡಗಿತು.

ಮಗಳು ನನ್ನ ಪಕ್ಕದಿಂದ ನುಸುಳಿ ಕೆಳಗೋಡಿದಳು. ಕಾಕಾನ ಹತ್ತಿರ ಕುಕ್ಕರಗಾಲಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳಿದಳು, "ಅಂಕಲ್, ನಾನು ಪೊಲೀಸರನ್ನು ಕರೆಯಲಾ?" ನನ್ನನ್ನಲ್ಲ, ಅವರನ್ನು ಕೇಳಿದಳು.

ಕಾಕಾ ಗೋಡೆಗೊರಗಿ ಹಲ್ಲು ಕಚ್ಚಿಕೊಂಡೇ ತಲೆಯಾಡಿಸಿದರು. "ಬ್ಯಾಡ ಪುಟ್ಟಿ. ನಾ ಜಾರಿ ಬಿದ್ದೆ."

ಮಗಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು, ಕಾಕಾನನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ನಾಲ್ಕು ತಾಸು ಕಾದ ಮೇಲೆ ಒಬ್ಬ ಡಾಕ್ಟರಮ್ಮ ಒಳಗೆ ಕರೆದರು. ನಾವು ಆಡಿದ ಎರಡು ಮಾತು ಕೇಳಿ, "ಕರ್ನಾಟಕದವರಾ? ನಾನು ಮೈಸೂರು" ಅಂದರು. ಬ್ಯಾಂಡೇಜು ಬಿಚ್ಚಿ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಹೇಗಾಯ್ತು, ಹೇಳಿ."

"ಜಾರಿ ಬಿದ್ದೆರಿ" ಅಂದರು ಕಾಕಾ.

"ನಾನು ತಳ್ಳಿದೆ" ಅಂದೆ ನಾನು. "ಮೆಟ್ಟಿಲ ಮೇಲಿಂದ ಇವತ್ತು ನಾನು ತಳ್ಳಿದೆ. ಸುಟ್ಟಿದ್ದು ಬೇರೆ. ನಮ್ಮ ಚೆಫ್ ಇವರ ಕೈಯನ್ನ ಹಂಚಿಗೆ ಒತ್ತಿ ಹಿಡಿದ. ನಾನು ನೋಡಿದ್ದೇನೆ."

ಡಾಕ್ಟರಮ್ಮ ನನ್ನ ಮುಖ ನೋಡಿದರು, ಆಮೇಲೆ ಕಾಕಾನ ಮುಖ. "ಬೆರಳೆಲ್ಲ ಹರಡಿ, ಅಂಗೈ ಪೂರ್ತಿ ಒಂದೇ ಸಮ ಸುಟ್ಟಿದೆ. ಜಾರಿದವರು ತಕ್ಷಣ ಕೈ ಎತ್ತುತ್ತಾರೆ" ಎಂದು ಮೆಲ್ಲಗೆ ಹೇಳಿ ಎಲ್ಲವನ್ನೂ ಬರೆದುಕೊಂಡರು.

ಹೊರಗೆ ಬಂದ ಮೇಲೆ ಕಾಕಾ ನನ್ನ ಮೇಲೆ ಹರಿಹಾಯ್ದರು. ಅಷ್ಟು ಸಿಟ್ಟನ್ನು ಅವರಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. "ತಳ್ಳಿದ್ದು ಸಾಲ್ಲಿಲ್ಲೇನು ನಿನಗ? ನನ್ನ ಬಾಳೇನ ಮುಗಿಸಿದೆಲ್ಲ!" ಎಂದು ಎಡಗೈ ಎತ್ತಿದರು. ನಾನು ಮುಖ ತಪ್ಪಿಸಲಿಲ್ಲ. ಕಪಾಳಕ್ಕೆ ಏಟು ಬಿತ್ತು. ಸುತ್ತ ಕೂತವರೆಲ್ಲ ನೋಡಿದರು. ಕಾಕಾ ತಮ್ಮ ಕೈಯನ್ನು ತಾವೇ ನೋಡಿಕೊಂಡು ಅಲ್ಲೇ ಬೆಂಚಿನ ಮೇಲೆ ಕುಸಿದರು, ಅಳತೊಡಗಿದರು. ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಮಷಿನ್ನಿನಿಂದ ಚಹಾ ತಂದು ಕೊಟ್ಟೆ. ಕುಡಿದರು.

ಅವರು ಹೆದರಿದ ಹಾಗೆ ಆಗಲಿಲ್ಲ. ಹಡಗಿನವರು ಕಾಕಾ ಕೆಲಸಕ್ಕೆ ತಕ್ಕವರೋ ಅಲ್ಲವೋ ಎಂದು ಆಸ್ಪತ್ರೆಯ ಕಾಗದ ಕೇಳಿದರು. ಅದರಲ್ಲಿ ಬರೆದದ್ದನ್ನು ಓದಿದ ಆ ಇಂಗ್ಲಿಷ್ ಹೆಂಗಸು, ಚೆಫ್‌ನನ್ನು ಮೊದಲ ಪ್ರಯಾಣದ ನಡುವೆಯೇ ಯಾವುದೋ ಬಂದರಿನಲ್ಲಿ ಇಳಿಸಿ ವಾಪಸು ಕಳಿಸಿದಳು. ಅವನಿಗೆ ಬೇರೇನೂ ಶಿಕ್ಷೆಯಾಗಲಿಲ್ಲ. ಪೊಲೀಸರು ಮತ್ತೊಮ್ಮೆ ಕೇಳಲು ಬಂದಾಗ ಕಾಕಾ ಬಾಯಿ ಬಿಡಲಿಲ್ಲ. ಚೆಫ್ ಮತ್ತೆ ಟೂಟಿಂಗ್‌ನ ಅದೇ ಅಡುಗೆಮನೆಯಲ್ಲಿ ನಿಂತ.

ನನ್ನ ಸಹಿ ಪೊಲೀಸರ ದಾಖಲೆಯಲ್ಲಿ ಹಾಗೇ ಉಳಿಯಿತು. ಮುಂದೆ ನಾವು ರೇನರ್ಸ್ ಲೇನ್ ಕಡೆಗೆ ಮನೆ ಬದಲಿಸಿದಾಗ ಶಾಲೆಯೊಂದರ ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದೆ. ಪೊಲೀಸರಿಂದ ಎಚ್ಚರಿಕೆ ಪಡೆದಿದ್ದೀರಾ ಎಂಬ ಪ್ರಶ್ನೆಗೆ ಹೌದು ಅಂತ ಬರೆದೆ. ಅವರು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳದಿದ್ದುದೇ ಸರಿ ಅಂತ ಒಂದೊಂದು ಸಲ ನನಗೂ ಅನ್ನಿಸಿತು. ಮಗಳ ಮೇಲೆ ಅದಾದ ಮೇಲೂ ಎರಡು ಸಲ ಕೈ ಎತ್ತಿದ್ದೇನೆ. ಎರಡೂ ನೆನಪಿವೆ. ದಿನಸಿ ಅಂಗಡಿಯಲ್ಲಿ ತರಕಾರಿ ಜೋಡಿಸುವ ಕೆಲಸ ಸಿಕ್ಕಿತು, ಅದನ್ನೇ ಮಾಡಿದೆ.

ಕಾಕಾ ಐದು ತಿಂಗಳ ಮೇಲೆ ಹಡಗು ಹತ್ತಿದರು. ಆ ಚಳಿಗಾಲದಲ್ಲಿ ಮುಂಬೈಯಿಂದ ಫೋನ್ ಮಾಡಿದರು. ಹಿಂದೆ ಬಂದರಿನ ಗದ್ದಲ.

"ನಮ್ಮಾಕಿ ಬಂದಾಳ ಅವ್ವಾ, ಇಲ್ಲೇ ಬಾಜೂಕ ನಿಂತಾಳ" ಅಂದರು. "ಹಡಗದಾಗ ಹೊಸಾ ಚೆಫ್ ಚಲೋ ಮನಷ್ಯಾ. ಯಾರಿಗೂ ಹೊಡ್ಯಂಗಿಲ್ಲ. ಮೊದಮೊದಲ ಆತ ಹಿಂದ ಬಂದು ನಿಂತ್ರ ಸಾಕು, ನಾ ಕುತಗಿ ಮುಚ್ಕೊಂತಿದ್ದೆ. ಆತ ನಗ್ತಿದ್ದ. ಆಮ್ಯಾಗ ಯಾಕಂತ ತಿಳೀತು, ನಗೂದ ಬಿಟ್ಟ."

"ಕೈ ಹೆಂಗೈತಿ ಕಾಕಾ?"

"ಮೂರು ಬೆರಳ ಪೂರಾ ಮಡಚಂಗಿಲ್ಲ. ಸಟ್ಟುಗ ಹಿಡ್ಯಾಕ ಆಗ್ತದ" ಅಂದರು. ಆಮೇಲೆ, "ನಿನ್ನ ಕಪಾಳ?" ಎಂದು ಕೇಳಿದರು.

ನಾನು ಕಪಾಳ ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ಅವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.