ಟವೆಲ್ಲಿನಡಿ ಭೂಕಂಪ

ಕುರಿ ಕೊಳ್ಳಲು ಹೊರಟವರಿಗೆ ನನ್ನದೊಂದು ಸಲಹೆ: ಮಾರುವವನು ಹೆದರಿದ್ದಾನೆಂದು ಗೊತ್ತಾದರೆ ಆ ದಿನವೇ ಹೋಗಿ. ಆದರೆ ನೀವು ಮಾತ್ರ ಹೆದರಬೇಡಿ. ಈ ಎರಡನೆಯ ಮಾತನ್ನು ನಾನು ತಾಳ್ಯದಲ್ಲಿ ಕಲಿತೆ.

ಬೇರೆಯವರ ಕುರಿ ಕಾಯುತ್ತ ಬೆಳೆದ ನನಗೆ ಈಗ ಹೊಳಲ್ಕೆರೆ ಪಕ್ಕದಲ್ಲಿ ಸ್ವಂತ ಕುರಿ ಶೆಡ್ ಇದೆ. ಕೊರತೆಯಿದ್ದದ್ದು ಒಂದು ಒಳ್ಳೆಯ ಬೀಜದ ಟಗರಿನದು. ಹುಟ್ಟಿದ ಮರಿಗಳೆಲ್ಲ ಬೆಕ್ಕಿನ ಗಾತ್ರದವೇ. ತಾಳ್ಯದ ಹಿರಿಯ ಕುರಿಗಾಹಿಯೊಬ್ಬರ ಬಳಿ ಅಗಲ ಎದೆಯ, ಸುತ್ತು ಕೊಂಬಿನ ಟಗರೊಂದಿತ್ತು. ಕೇಳಿದಾಗಲೆಲ್ಲ, "ನಿಮ್ಮ ಮಗನ್ನ ಮಾರ್ತೀರೇನ್ರಿ ನೀವು?" ಎಂದು ಬಾಯಿ ಮುಚ್ಚಿಸಿ ಕಳುಹಿಸುತ್ತಿದ್ದರು.

ಅಷ್ಟರಲ್ಲಿ ಎಲ್ಲರ ಮೊಬೈಲಿಗೂ ಒಂದು ವಿಡಿಯೊ ಬಂತು. ಭೂಮಿಯೊಳಗಿನ ಫಲಕಗಳು ಜರುಗುತ್ತಿವೆಯಂತೆ, ಬರುವ ಅಮಾವಾಸ್ಯೆಗೆ ಜಗತ್ತಿನ ನಕ್ಷೆಯೇ ಬದಲಾಗುತ್ತದಂತೆ. ಮಾತಾಡುವವನ ಬೆನ್ನ ಹಿಂದೆ ಸಮುದ್ರ ಒಂದು ಊರನ್ನು ನುಂಗುತ್ತಿತ್ತು. ಮರುದಿನ ಹಿರಿಯರೇ ಫೋನ್ ಮಾಡಿದರು: "ಟಗರು ಕೊಡ್ತೀನಿ, ಬರ್ರಿ."

ಹೋದೆ. ಜಗಲಿಯ ಮೇಲೆ ಅಕ್ಕಪಕ್ಕದ ಮನೆಯವರೂ ಕೂತಿದ್ದರು.

"ಫಲಕ ಅಂದ್ರೆ ಏನ್ರಿ ಅದು?" ಎಂದರು ಹಿರಿಯರು.

"ಹಾಲಿನ ಮ್ಯಾಲೆ ಕೆನೆ ಇರ್ತೈತಲ್ಲ, ಹಂಗೆ. ನಾವು ಕುಂತಿರೋದು ಕೆನೆ ಮ್ಯಾಲೆ. ಒಳಗೆ ಹಾಲು ಉಕ್ಕಿದ್ರೆ ಕೆನೆ ಹರಿತೈತೆ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಉಕ್ಕಲು ಲಕ್ಷಾಂತರ ವರ್ಷ ಬೇಕೆಂಬುದೊಂದನ್ನು ಬಿಟ್ಟಿದ್ದೆ, ಅಷ್ಟೆ.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಭೂಮಿ ಬಿರಿದ್ರೆ ದುಡ್ಡು ಇಟ್ಕಂಡು ಏನ್ಮಾಡ್ತೀಯ?" ಎಂದರು.

"ದುಡ್ಡಾದ್ರೆ ಜೇಬಿನಾಗೆ ಇಟ್ಕಂಡು ಓಡಬೋದು. ಟಗರು ಹೊತ್ಕಂಡು ಓಡಾಕಾಗ್ತೈತೇನೆ?"

ನಮ್ಮ ಕಡೆ ದನ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಒಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ತಿಳಿಸುತ್ತೇವೆ. ಹೆಚ್ಚು ಬೆರಳು ಹಿಡಿದಷ್ಟೂ ಹೆಚ್ಚು ಬೆಲೆ. ಟವೆಲ್ ಸರಿದಾಗ ಯಾವ ಹಿಡಿತ ಇರುತ್ತದೋ ಅದೇ ಮಾತು, ಆಮೇಲೆ ಜಗ್ಗಾಡುವಂತಿಲ್ಲ.

ಅವರು ನನ್ನ ಐದೂ ಬೆರಳು ಹಿಡಿದರು. ನಾನು ಎರಡು ಹಿಡಿದೆ. ಅವರು ನಾಲ್ಕಕ್ಕೆ ಇಳಿದರು. ನಾನು ಮತ್ತೆ ಎರಡೇ. ಅಮಾವಾಸ್ಯೆ ಹತ್ತಿರವಿತ್ತು, ನನಗೇನೂ ಅವಸರವಿರಲಿಲ್ಲ. ಅವರ ಕೈ ಸಡಿಲಾಗುತ್ತಿರುವುದು ತಿಳಿಯುತ್ತಿತ್ತು.

ಆಗ ಧಡ್ ಎಂದಿತು. ಜಗಲಿ ಅದುರಿತು, ಹೆಂಚಿನಿಂದ ಮಣ್ಣು ಉದುರಿತು. ಕೆನೆ ಹರಿದೇಬಿಟ್ಟಿತೆಂದು ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದು ಎದ್ದುನಿಂತೆ. ಟವೆಲ್ ಕೆಳಗೆ ಬಿತ್ತು.

ಮಿಕ್ಕವರು ಯಾರೂ ಅಲುಗಾಡಿರಲಿಲ್ಲ. "ಯಾಕ್ರೀ ಎದ್ರಿ? ಕಲ್ಲು ಕ್ವಾರಿದು ಅದು, ದಿನಾ ಈ ಹೊತ್ತಿಗೆ ಸಿಡಿಸ್ತಾರೆ. ಕುಂತ್ಕಳ್ರಿ," ಎಂದ ಪಕ್ಕದ ಮನೆಯವನು. ಅಷ್ಟರಲ್ಲಿ ಅವನ ಕಣ್ಣು ನನ್ನ ಕೈ ಮೇಲೆ ಬಿತ್ತು. ಹಿರಿಯರ ಐದೂ ಬೆರಳು ನನ್ನ ಮುಷ್ಟಿಯಲ್ಲಿದ್ದವು.

"ಐದು! ಮುಗೀತು ಬಿಡ್ರಿ ವ್ಯಾಪಾರ."

"ಲೇ, ಹೆದರಿ ಹಿಡ್ಕಂಡಿದ್ದು ಕಣಪ್ಪ ಅದು!"

"ಹೆದರಿ ಹಿಡಿದ್ರೂ ಐದೇ, ಖುಷಿಲಿ ಹಿಡಿದ್ರೂ ಐದೇ."

ಎಲ್ಲರೂ ನಕ್ಕರು. ಹಿರಿಯರು ಮಾತ್ರ ನಗದೆ ನನ್ನನ್ನೇ ನೋಡಿದರು. "ಅಮಾಸೆಗೆ ಭೂಮಿನೇ ಇರಲ್ಲ ಅಂದ್ರೆ, ಇಷ್ಟು ಕೊಟ್ಟು ನೀವ್ಯಾಕ್ರಿ ತಗಂತೀರಿ? ನಿಜ ಹೇಳ್ರಿ, ಬಿರಿತೈತೋ ಇಲ್ವೋ? ಇಲ್ಲ ಅನ್ರಿ, ವ್ಯಾಪಾರ ಈಗ್ಲೇ ಮುರಿಯಾಣ. ಟಗರು ನಮ್ಮನ್ಯಾಗೇ ಇರ್ತೈತೆ."

ಟಗರು ಅಗಲ ಎದೆಯೊಡ್ಡಿ ನಿಂತು ಮೆಲುಕು ಹಾಕುತ್ತಿತ್ತು.

"ಬಿರಿತೈತೆ ಯಜಮಾನ್ರೆ, ಅನುಮಾನಾನೇ ಬ್ಯಾಡ," ಎಂದು ಐದು ಬೆರಳಿನ ಬೆಲೆ ಅವರ ಕೈಗಿಟ್ಟು, ಟಗರನ್ನು ಹೊಡೆದುಕೊಂಡು ಹೊರಟೆ.